ಹನ್ನೊಂದು ಗೋಲಿನಲ್ಲಿ ಕೀಪರ್ ಪಾಲೆಷ್ಟು?

ಪ್ರಶ್ನೆ: ಸರ್, ನಾವು ಕೊಡಗಿನ ಸಿದ್ದಾಪುರ ಕಡೆಯವರು. ಗೆಳೆಯರೆಲ್ಲ ಸೇರಿ ಒಂದು ಸೆವೆನ್ಸ್ (ಏಳು ಜನರ ಫುಟ್‌ಬಾಲ್) ಟೀಮ್ ನಡೆಸುತ್ತಿದ್ದೇವೆ. ನಮ್ಮ ಕೀಪರ್‌ಗೆ 22 ವರ್ಷ. ಹೋದ ವರ್ಷ ಎರಡು ಟೂರ್ನಿಯಲ್ಲಿ ಬೆಸ್ಟ್ ಕೀಪರ್ ಕಪ್ ತಂದವನು. ಈ ಏಪ್ರಿಲ್ ಟೂರ್ನಿಯಲ್ಲಿ ಮಾತ್ರ 5 ಮ್ಯಾಚಿಗೆ 11 ಗೋಲು ಬಿಟ್ಟ. ಅದರಲ್ಲಿ ಐದು ಅವನದೇ ತಪ್ಪು ಅನ್ನೋದು ನಮ್ಮ ಲೆಕ್ಕ. ಮ್ಯಾಚೆಲ್ಲ ಯೂಟ್ಯೂಬಿನಲ್ಲಿ ಲೈವ್ ಬಂತು. ಕಾಮೆಂಟರಿಯವರು ಅವನನ್ನು 'ಗೇಟ್ ಓಪನ್' ಅಂತ ಕರೆದರು. ಈಗ ಪೇಟೆಗೆ ಹೋದರೂ ಹುಡುಗರು ಹಾಗೇ ಕೂಗುತ್ತಾರೆ. ಒಂದು ಪೇಜ್‌ನವರು ಅವನ ತಪ್ಪುಗಳನ್ನೇ ಜೋಡಿಸಿ ರೀಲ್ ಮಾಡಿ ಹಾಕಿದರು. ನಮ್ಮ ವಾಟ್ಸಾಪ್ ಗ್ರೂಪ್ ಈಗ ಎರಡು ಪಾರ್ಟಿ. 'ಫಾರ್ಮ್ ಹೋಗಿದೆ, ಕೂರಿಸಿ' ಅಂತ ಒಂದು. 'ಬೈದು ಬೈದು ನೀವೇ ಹಾಳು ಮಾಡಿದ್ರಿ, ಇಂಡಿಯಾ ಕೀಪರ್ ಗುರ್‌ಪ್ರೀತ್‌ನನ್ನೂ ಮೀಡಿಯಾದವರು ಹೀಗೇ ಮುಗಿಸಿದ್ರು' ಅಂತ ಇನ್ನೊಂದು. ಎರಡನೇ ಕೀಪರ್ 17ರ ಹುಡುಗ. ಮೇ ಕೊನೆಗೆ ಇನ್ನೊಂದು ಟೂರ್ನಿ ಇದೆ. ನಮ್ಮ ಕೀಪರ್ ಹೋಮ್‌ಸ್ಟೇಯಲ್ಲಿ ಕೆಲಸಕ್ಕಿದ್ದಾನೆ, ಭಾನುವಾರ ಅಲ್ಲಿಂದಲೇ ಸೀದಾ ಗ್ರೌಂಡಿಗೆ ಬರುತ್ತಾನೆ. ಫಾರ್ಮ್ ಹೋಗೋದು ಅಂದ್ರೆ ನಿಜವಾಗಿ ಏನು ಸರ್? ಬೈಗುಳದಿಂದ ಹೋಗುತ್ತಾ? ಅವನನ್ನು ಆಡಿಸೋದಾ, ಕೂರಿಸೋದಾ?

ಉತ್ತರ: ನಿಮ್ಮ ಪತ್ರ ಓದಿ 11 ಗೋಲಿನ ವಿಡಿಯೊ ಕೇಳಿದ್ದೆ. ಅರ್ಧ ದಿನದಲ್ಲಿ ಕಳಿಸಿದಿರಿ, ಥ್ಯಾಂಕ್ಸ್. ಸೌಂಡ್ ಆಫ್ ಮಾಡಿ ಒಂದೊಂದನ್ನೂ ಮೂರು ಸಲ ನೋಡಿದೆ. ಕೀಪರ್‌ಗಳಿಗೆ ಕೋಚಿಂಗ್ ಮಾಡುತ್ತಾ ಇಷ್ಟು ವರ್ಷದಲ್ಲಿ ಕಲಿತದ್ದು ಇದು: ಕಾಮೆಂಟರಿ ಕೇಳಿಕೊಂಡು ಗೋಲು ನೋಡಿದರೆ ನಾನೂ ಮೋಸ ಹೋಗುತ್ತೇನೆ.

ನಿಮ್ಮ ಲೆಕ್ಕದ ಐದು ತಪ್ಪಿನಲ್ಲಿ ನಾನು ಒಪ್ಪುವುದು ಎರಡೇ. ಒಂದು, ಎರಡನೇ ಮ್ಯಾಚಿನಲ್ಲಿ ಎತ್ತರದ ಚೆಂಡಿಗೆ ಮುಂದೆ ಬಂದು ಮಿಸ್ ಮಾಡಿದ್ದು. ಇನ್ನೊಂದು, ನಾಲ್ಕನೇ ಮ್ಯಾಚಿನ ಮಳೆಯಲ್ಲಿ ಚೆಂಡು ಕೈಯಿಂದ ಜಾರಿದ್ದು. ಉಳಿದ ಮೂರಕ್ಕೆ ಅವನನ್ನು ಬೈಯುವುದರಲ್ಲಿ ಅರ್ಥವಿಲ್ಲ. ಆದರೆ ನೀವು ಯಾರೂ ಬೈಯದೆ ಸುಮ್ನೆ ಬಿಟ್ಟ ಆರು ಗೋಲುಗಳಿವೆಯಲ್ಲ, ಅದರಲ್ಲಿ ನಾಲ್ಕು ನನಗೆ ಜಾಸ್ತಿ ಚಿಂತೆ ಹಚ್ಚಿದವು. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಆ ನಾಲ್ಕರಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು 'ಫಾರ್ಮ್' ಅನ್ನೋ ಮಾತು. ದೊಡ್ಡ ಲೀಗ್‌ಗಳಲ್ಲಿ ಒಬ್ಬ ಕೀಪರ್‌ಗೆ ಮ್ಯಾಚಿಗೆ ಗೋಲಿನತ್ತ ಬರುವ ಹೊಡೆತ ನಾಲ್ಕೋ ಐದೋ. ಐದು ಮ್ಯಾಚಿಗೆ 20 ಅಂತ ಇಟ್ಟುಕೊಳ್ಳಿ. ಒಳ್ಳೆ ಕೀಪರ್ ನೂರಕ್ಕೆ ಸುಮಾರು 70 ತಡೆಯುತ್ತಾನೆ. ಅಂದರೆ 20ರಲ್ಲಿ 14 ತಡೆದ, 6 ಒಳಗೆ ಹೋಯಿತು. 'ಎಂಥ ಕೀಪರ್' ಅಂತೀವಿ. ಮುಂದಿನ ಐದು ಮ್ಯಾಚಿನಲ್ಲಿ 8 ಹೋದರೆ 'ಮುಗಿದ' ಅಂತೀವಿ. ವ್ಯತ್ಯಾಸ ಎರಡು ಚೆಂಡು. ಅವನ ಕೈಚಳಕ ಒಂಚೂರೂ ಬದಲಾಗದೆ, ಬರೀ ಅದೃಷ್ಟದ ಏರಿಳಿತದಿಂದಲೇ ನಾಲ್ಕೈದು ಸಲಕ್ಕೆ ಒಮ್ಮೆಯಾದರೂ 8 ಅಥವಾ ಅದಕ್ಕಿಂತ ಜಾಸ್ತಿ ಒಳಗೆ ಹೋಗುತ್ತವೆ. ಇದು ಸಾದಾ ಗಣಿತ. ಸೆವೆನ್ಸ್‌ನಲ್ಲಿ ಹೊಡೆತ ಹತ್ತಿರದಿಂದ ಬರುತ್ತೆ, ಕಾಲಿಗೆ ತಾಗಿ ತಿರುಗುವುದೂ ಜಾಸ್ತಿ, ಹಾಗಾಗಿ ಏರಿಳಿತ ಇನ್ನೂ ದೊಡ್ಡದು. ಹೂ ಬಿಡಿಸುವ ಮಳೆ ಒಂದು ವರ್ಷ ಕೈಕೊಟ್ಟಿತು ಅಂತ ಯಾರಾದರೂ ರೋಬಸ್ಟಾ ಕಾಫಿ ಗಿಡ ಕೀಳುತ್ತಾರಾ? ಹೋದ ವರ್ಷದ ಎರಡು ಕಪ್‌ಗೂ ಇದೇ ಮಾತು ಅನ್ವಯಿಸುತ್ತೆ. ಆಗ ಅವನು ನೀವು ಅಂದುಕೊಂಡಷ್ಟು ದೊಡ್ಡ ಕೀಪರ್ ಆಗಿರಲಿಲ್ಲ, ಈಗ ಅಷ್ಟು ಕೆಟ್ಟವನೂ ಆಗಿಲ್ಲ.

ಹಾಗಂತ ಎಲ್ಲ ಅದೃಷ್ಟ ಅಂತ ಕೈ ತೊಳೆದುಕೊಳ್ಳಲೂ ಆಗದು. ಅದಕ್ಕೇ ಗೋಲು ಎಣಿಸುವುದಕ್ಕಿಂತ ಗೋಲು ಹೇಗೆ ಆಯಿತು ಅಂತ ನೋಡಬೇಕು.

ನಾನು ಒಪ್ಪದ ಮೂರರಲ್ಲಿ ಒಂದು ನಿಮ್ಮ ಡಿಫೆಂಡರ್ ಮೊಣಕಾಲಿಗೆ ತಾಗಿ ತಿರುಗಿದ್ದು. ಅದನ್ನು ಕೀಪರ್ ಲೆಕ್ಕಕ್ಕೆ ಯಾಕೆ ಹಾಕಿದಿರೋ ನನಗೆ ಗೊತ್ತಾಗಲಿಲ್ಲ. ಎರಡನೆಯದು ಮೂರನೇ ಮ್ಯಾಚಿನ ನಿಯರ್ ಪೋಸ್ಟ್ ಗೋಲು. ಹತ್ತಿರದ ಕಂಬದ ಪಕ್ಕ ಚೆಂಡು ಹೋದರೆ ಕೀಪರದೇ ತಪ್ಪು ಅನ್ನೋದು ಟಿವಿ ಕಾಮೆಂಟೇಟರ್‌ಗಳು ನಮಗೆಲ್ಲ ಕಲಿಸಿಟ್ಟ ಪಾಠ. ಅರ್ಧ ಸತ್ಯ ಅದು. ಕೀಪರ್ ಕಂಬಕ್ಕೆ ಅಂಟಿಕೊಂಡು ನಿಂತರೆ ಆ ಕಡೆ ಗೋಲಾಗದು ನಿಜ. ಆದರೆ ಆಚೆ ಕಡೆ ಅಷ್ಟೂ ಜಾಗ ಖಾಲಿ. ನಡುವೆ ಯಾರಾದರೂ ನಿಂತಿದ್ದರೆ ಪಾಸ್ ಕೊಟ್ಟು ತಳ್ಳಿದರೆ ಮುಗಿಯಿತು. ನಿಮ್ಮ ವಿಡಿಯೊದಲ್ಲಿ ನಡುವೆ ಇಬ್ಬರಿದ್ದರು, ಯಾರೂ ಮಾರ್ಕ್ ಮಾಡಿರಲಿಲ್ಲ. ಹುಡುಗ ಪಾಸ್ ಬರುತ್ತೆ ಅಂತ ಒಂದು ಹೆಜ್ಜೆ ಒಳಗೆ ಬಂದ. ಹೊಡೆಯುವವನು ಅದನ್ನು ನೋಡಿ ಕಂಬದ ಕಡೆಗೇ ಹೊಡೆದ.

ಫುಟ್‌ಬಾಲ್ ಇತಿಹಾಸದಲ್ಲೇ ಅತ್ಯಂತ ಕ್ರೂರವಾದ ಕೀಪರ್ ಕಥೆ ಇಂಥದ್ದೇ ಒಂದು ಹೆಜ್ಜೆಯದು. 1950ರ ಜುಲೈ 16, ರಿಯೊದ ಮರಕಾನಾ. ವಿಶ್ವಕಪ್ ಗೆಲ್ಲಲು ಬ್ರೆಜಿಲ್‌ಗೆ ಡ್ರಾ ಸಾಕಿತ್ತು. ಉರುಗ್ವೆಯ ಗಿಗ್ಗಿಯಾ ಬಲಗಡೆಯಿಂದ ನುಗ್ಗಿ ಪಾಸ್ ಕೊಟ್ಟು ಒಂದು ಗೋಲು ಮಾಡಿಸಿದ್ದ. 79ನೇ ನಿಮಿಷದಲ್ಲಿ ಮತ್ತೆ ಅದೇ ಕಡೆಯಿಂದ ನುಗ್ಗಿದ. ಈ ಸಲವೂ ಪಾಸ್ ಅಂದುಕೊಂಡ ಕೀಪರ್ ಬಾರ್ಬೋಸಾ ಒಂದು ಹೆಜ್ಜೆ ಸರಿದರು. ಚೆಂಡು ಹತ್ತಿರದ ಕಂಬದ ಪಕ್ಕ ಒಳಗೆ ಹೋಯಿತು. 2-1. ಯೋಚಿಸಿ ನೋಡಿದರೆ ಅವರ ಅಂದಾಜು ತಪ್ಪಲ್ಲ. ಆದರೆ 2000ದಲ್ಲಿ ಸಾಯುವವರೆಗೆ, ಅಂದರೆ ಐವತ್ತು ವರ್ಷ, ಅವರ ದೇಶ ಅವರನ್ನು ಆ ಹೆಜ್ಜೆಯಿಂದಲೇ ಗುರುತಿಸಿತು.

ಮೂರನೆಯದು ಪೆನಾಲ್ಟಿ. 'ಮರದ ಹಾಗೆ ನಿಂತಿದ್ದ, ಹಾರಲೂ ಇಲ್ಲ' ಅಂತ ನಿಮ್ಮ ಗ್ರೂಪಿನ ಸಿಟ್ಟು. ದೊಡ್ಡ ಗ್ರೌಂಡಿನಲ್ಲಿ ಪೆನಾಲ್ಟಿ ಜಾಗದಿಂದ ಗೋಲಿಗೆ 11 ಮೀಟರ್. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೊಡೆದರೆ ಚೆಂಡು 0.4 ಸೆಕೆಂಡಿನಲ್ಲಿ ಗೆರೆ ಮುಟ್ಟುತ್ತೆ. ನೋಡಿ ಹಾರುವಷ್ಟು ಹೊತ್ತಿಲ್ಲ, ಮೊದಲೇ ಅಂದಾಜು ಮಾಡಬೇಕು. ಇಸ್ರೇಲಿನ ಸಂಶೋಧಕರು 286 ಪೆನಾಲ್ಟಿಗಳ ಲೆಕ್ಕ ತೆಗೆದು 2007ರಲ್ಲಿ ಪ್ರಕಟಿಸಿದರು. ಚೆಂಡು ನಡುವಿಗೆ ಬಂದದ್ದು ನೂರಕ್ಕೆ ಸುಮಾರು 29 ಸಲ. ಕೀಪರ್ ನಡುವೆ ನಿಂತದ್ದು ನೂರಕ್ಕೆ 6 ಸಲ ಮಾತ್ರ. ನಿಂತವರು ಮೂರಕ್ಕೆ ಒಂದು ತಡೆದರು, ಹಾರಿದವರು ಏಳೆಂಟಕ್ಕೆ ಒಂದು. ಎಲ್ಲರೂ ನಿಲ್ಲಲು ಶುರು ಮಾಡಿದರೆ ಹೊಡೆಯುವವರೂ ಮೂಲೆಗೆ ಹೊಡೆಯುತ್ತಾರೆ, ಆ ಮಾತು ಬೇರೆ. ಆದರೆ ಇಷ್ಟು ಲಾಭ ಇದ್ದರೂ ಕೀಪರ್‌ಗಳು ನಿಲ್ಲುವುದಿಲ್ಲ ಯಾಕೆ ಹೇಳಿ? ಹಾರಿ ಗೋಲಾದರೆ 'ಪಾಪ, ಟ್ರೈ ಮಾಡಿದ' ಅಂತಾರೆ. ನಿಂತು ಗೋಲಾದರೆ ನಿಮ್ಮ ಹುಡುಗನಿಗೆ ಅಂದ ಹಾಗೆ ಅಂತಾರೆ.

ಟೀಕೆ ಕೀಪರ್‌ಗೆ ಏನು ಮಾಡುತ್ತೆ ಅನ್ನೋದು ಇಲ್ಲೇ ಗೊತ್ತಾಗುತ್ತೆ. ಅದು ಕೈ ನಡುಗಿಸೋದು ಕಡಿಮೆ. ಸರಿಯಾದದ್ದನ್ನು ಬಿಟ್ಟು, ಬೈಗುಳ ಬಾರದ್ದನ್ನು ಮಾಡಿಸೋದು ಜಾಸ್ತಿ.

ಈಗ ಆ ನಾಲ್ಕು ಗೋಲಿಗೆ ಬರೋಣ. ಮೂರನೇ ಮ್ಯಾಚಿನಲ್ಲಿ ಒಂದು, ನಾಲ್ಕರಲ್ಲಿ ಒಂದು, ಐದರಲ್ಲಿ ಎರಡು. ನಾಲ್ಕೂ ಒಂದೇ ತರ. ಚೆಂಡು ಪಕ್ಕದಿಂದ ಎದ್ದು ಬಂದು ಗೋಲಿನ ಮುಂದೆ ಮೂರು ನಾಲ್ಕು ಮೀಟರಿನಲ್ಲಿ ಬೀಳುತ್ತೆ. ಎದುರಾಳಿ ತಲೆಯಿಂದಲೋ ಕಾಲಿನಿಂದಲೋ ತಳ್ಳುತ್ತಾನೆ. ನಿಮ್ಮ ಕೀಪರ್ ಗೆರೆ ಮೇಲೆ ನಿಂತಿದ್ದಾನೆ. ಅಷ್ಟು ಹತ್ತಿರದಿಂದ ಯಾರು ತಡೀತಾರೆ ಅಂತ ನೀವು ಡಿಫೆಂಡರ್‌ಗಳನ್ನು ಬೈದಿರಿ. ಆದರೆ ಮೊದಲ ಮ್ಯಾಚಿನ ವಿಡಿಯೊ ತೆಗೆದು ನೋಡಿ. ಅಂಥದ್ದೇ ಚೆಂಡು ಎರಡು ಸಲ ಬಂದಿತ್ತು. ಎರಡೂ ಸಲ ಅವನು ಮುಂದೆ ಓಡಿ ಬಂದು ಮುಷ್ಟಿಯಲ್ಲಿ ಗುದ್ದಿ ಆಚೆ ಕಳಿಸಿದ್ದ. (ಆ ಮ್ಯಾಚಿನಲ್ಲಿ ಬಿಟ್ಟ ಎರಡು ಗೋಲನ್ನು ಯಾವ ಕೀಪರೂ ತಡೆಯುತ್ತಿರಲಿಲ್ಲ.)

ನಡುವೆ ಏನಾಯಿತು? ಎರಡನೇ ಮ್ಯಾಚ್. ಮುಂದೆ ಬಂದ, ಮಿಸ್ ಆಯಿತು, ಖಾಲಿ ಗೋಲು. 'ಗೇಟ್ ಓಪನ್' ಹುಟ್ಟಿದ್ದು ಆವತ್ತೇ. ಅಲ್ಲಿಂದ ಮುಂದೆ ಟೂರ್ನಿ ಮುಗಿಯುವವರೆಗೆ ಅವನು ಒಂದೇ ಒಂದು ಸಲವೂ ಗೆರೆ ಬಿಟ್ಟು ಬಂದಿಲ್ಲ. ಒಂದು ತಪ್ಪಿಗೆ ಬೈಸಿಕೊಂಡ, ಆ ತಪ್ಪು ಮತ್ತೆ ಆಗದ ಹಾಗೆ ನೋಡಿಕೊಂಡ, ಅದಕ್ಕೆ ನಾಲ್ಕು ಗೋಲಿನ ಬೆಲೆ ಕೊಟ್ಟ. ಆ ನಾಲ್ಕಕ್ಕೆ ಯಾರೂ ಅವನನ್ನು ಬೈಯಲಿಲ್ಲವಾದ್ದರಿಂದ ಅವನ ಮಟ್ಟಿಗೆ ಉಪಾಯ ಫಲಿಸಿತು!

ಇದು ನನಗೆ ಇಷ್ಟು ಬೇಗ ಕಂಡದ್ದಕ್ಕೆ ಕಾರಣ ನಾನೂ ಹೀಗೇ ಇದ್ದೆ. ಕಾಫಿ ಕಣದಲ್ಲಿ ಚೆಂಡು ಒದ್ದು ಬೆಳೆದವನು ನಾನು. ವಿರಾಜಪೇಟೆ ಕಡೆಯ ಒಂದು ಸೆವೆನ್ಸ್ ಫೈನಲಿನಲ್ಲಿ ಕ್ರಾಸ್‌ಗೆ (ಪಕ್ಕದಿಂದ ಎತ್ತಿ ಹಾಕಿದ ಚೆಂಡಿಗೆ) ಬಂದು ಗಾಳಿ ಗುದ್ದಿದೆ. ಸೋತೆವು. ಮರುದಿನ ಒಂದು ಪತ್ರಿಕೆಯಲ್ಲಿ ನನ್ನ ಫೋಟೊ, ಕೆಳಗೊಂದು ತಮಾಷೆ ಸಾಲು. ಚಾ ಅಂಗಡಿಯಲ್ಲಿ ನನಗೂ ಒಂದು ಅಡ್ಡಹೆಸರು ಬಿತ್ತು, ಇಲ್ಲಿ ಬರೆಯುವ ಹಾಗಿಲ್ಲ. ಆಮೇಲೆ ಎರಡು ವರ್ಷ ನಾನು ಒಂದು ದೊಡ್ಡ ತಪ್ಪೂ ಮಾಡಲಿಲ್ಲ. 'ಈಗ ಸುಧಾರಿಸಿದ್ದಾನೆ' ಅಂತಲೇ ಎಲ್ಲರೂ ಅಂದರು. ಆಮೇಲೆ ಒಂದು ಕ್ಯಾಂಪಿನಲ್ಲಿ ವಯಸ್ಸಾದ ಕೋಚ್ ಒಬ್ಬರು ಮ್ಯಾಚ್ ಮುಗಿದ ಮೇಲೆ ನನ್ನ ಬೂಟು ಬಿಚ್ಚಿಸಿ ಕೈಯಲ್ಲಿ ಹಿಡಿದರು. ಮುಂಭಾಗ ಕ್ಲೀನ್. ಹಿಮ್ಮಡಿ ಬೆಳ್ಳಗೆ. ಗೋಲ್ ಲೈನಿಗೆ ಎಳೆದ ಸುಣ್ಣ ಅದು. 'ತೊಂಬತ್ತು ನಿಮಿಷ ಇದರ ಮೇಲೇ ನಿಂತಿದ್ದೆ ಅಲ್ವಾ?' ಅಂದರು. ಬೇರೇನೂ ಹೇಳಲಿಲ್ಲ. ಇವತ್ತಿಗೂ ಯಾವುದೇ ಹುಡುಗನ ಫಾರ್ಮ್ ಹೋಗಿದೆ ಅಂತ ಯಾರಾದರೂ ಕರೆದುಕೊಂಡು ಬಂದರೆ ನಾನು ಕೈಗಿಂತ ಮೊದಲು ಬೂಟಿನ ಹಿಮ್ಮಡಿ ನೋಡುತ್ತೇನೆ.

ಗುರ್‌ಪ್ರೀತ್ ಸಿಂಗ್ ಸಂಧು ವಿಷಯ ಎತ್ತಿದ್ದೀರಿ. 'ಮೀಡಿಯಾದವರು ಮುಗಿಸಿದರು' ಅನ್ನೋದು ನಡೆದದ್ದಕ್ಕೆ ಹೊಂದುವುದಿಲ್ಲ. 2023ರ ಜುಲೈ 4ರಂದು ಕಂಠೀರವದಲ್ಲಿ ಕುವೈತ್ ವಿರುದ್ಧ ಸ್ಯಾಫ್ (ದಕ್ಷಿಣ ಏಷ್ಯಾ ಚಾಂಪಿಯನ್‌ಶಿಪ್) ಫೈನಲ್, ಪೆನಾಲ್ಟಿ ಶೂಟೌಟಿನ ಕೊನೆಯ ಕಿಕ್ ತಡೆದು ಕಪ್ ಗೆಲ್ಲಿಸಿದ್ದು ಅವರೇ. ನಾವು ಆರು ಜನ ಮಡಿಕೇರಿಯಿಂದ ಬಸ್ ಹಿಡಿದು ಹೋಗಿದ್ದೆವು, ಬರುವಾಗ ಗಂಟಲಲ್ಲಿ ಸ್ವರ ಇರಲಿಲ್ಲ. ಹದಿನಾರು ತಿಂಗಳ ಮೇಲೆ, 2024ರ ನವೆಂಬರ್ 18ಕ್ಕೆ ಹೈದರಾಬಾದಿನಲ್ಲಿ ಮಲೇಷ್ಯಾ ವಿರುದ್ಧ ಅವರು ಮುಂದೆ ಓಡಿ ಬಂದರು, ಚೆಂಡು ಸಿಗಲಿಲ್ಲ, ಪಾವ್ಲೊ ಜೋಸುಯೆ ಖಾಲಿ ಗೋಲಿಗೆ ತಳ್ಳಿದ. ಮ್ಯಾಚ್ 1-1. ನಿಮ್ಮ ಹುಡುಗನ ಎರಡನೇ ಮ್ಯಾಚಿನ ಗೋಲು ಇದ್ದ ಹಾಗೇ. ಮುಂದಿನ ಮಾರ್ಚ್‌ನಲ್ಲಿ ಅವರು ತಂಡದಲ್ಲಿ ಇರಲಿಲ್ಲ, ವಿಶಾಲ್ ಕೈತ್ ಆಡಿದರು. ಗುರ್‌ಪ್ರೀತ್ ಬೆಂಗಳೂರು ಎಫ್‌ಸಿಗೆ ಆಡುತ್ತಲೇ ಇದ್ದರು, ಆ ಏಪ್ರಿಲ್‌ನಲ್ಲಿ ಕ್ಲಬ್ ಐಎಸ್‌ಎಲ್ ಫೈನಲ್‌ಗೂ ಹೋಯಿತು. 2025ರ ಆಗಸ್ಟ್‌ನಲ್ಲಿ ಹೊಸ ಕೋಚ್ ಖಾಲಿದ್ ಜಮೀಲ್ ಅವರನ್ನು ವಾಪಸ್ ಕರೆದರು. ಮಧ್ಯ ಏಷ್ಯಾದ ಸಿಎಎಫ್‌ಎ ನೇಷನ್ಸ್ ಕಪ್‌ನಲ್ಲಿ ತಜಿಕಿಸ್ತಾನದ ಪೆನಾಲ್ಟಿ ತಡೆದರು. 3ನೇ ಸ್ಥಾನದ ಮ್ಯಾಚಿನಲ್ಲಿ ಓಮನ್ ವಿರುದ್ಧ ಶೂಟೌಟಿನ ಕೊನೆ ಕಿಕ್ಕನ್ನೂ ತಡೆದರು.

ನಿಮ್ಮ ಎರಡು ಪಾರ್ಟಿಗೂ ಇದರಲ್ಲಿ ಏನೋ ಇದೆ. ಅವರನ್ನು ಕೂರಿಸಿದರು, ಅದರಿಂದ ಅವರು ಮುಗಿಯಲಿಲ್ಲ. ಆದರೆ ಕೂತಿದ್ದಷ್ಟು ಹೊತ್ತು ಅವರಿಗೆ ವಾರವಾರ ಆಡಲು ಬೇರೆ ಟೀಮ್ ಇತ್ತು. ನಿಮ್ಮ ಹುಡುಗನಿಗೆ ಇಲ್ಲ. ಈ ವ್ಯತ್ಯಾಸ ನೆನಪಿರಲಿ.

ಪತ್ರಿಕೆ, ಟಿವಿ ಬೈದರೆ ಕೀಪರ್ ಜಾಗ ಹೋಗುತ್ತೆ ಅನ್ನೋದೂ ಅಷ್ಟು ಸರಿಯಲ್ಲ. ಇಂಗ್ಲೆಂಡಿನ ಕೀಪರ್ ಜೋ ಹಾರ್ಟ್ 2016ರ ಯೂರೊ ಕಪ್‌ನಲ್ಲಿ ವೇಲ್ಸ್‌ನ ಬೇಲ್ ಹೊಡೆದ ಫ್ರೀ ಕಿಕ್ ಬಿಟ್ಟರು, ಐಸ್‌ಲ್ಯಾಂಡ್ ವಿರುದ್ಧ ಇನ್ನೊಂದು ಬಿಟ್ಟರು. ಅಲ್ಲಿನ ಪತ್ರಿಕೆಗಳು ಸುಲಿದು ಹಾಕಿದವು. ಅದೇ ವರ್ಷ ಮ್ಯಾಂಚೆಸ್ಟರ್ ಸಿಟಿಯಲ್ಲಿ ಅವರ ಜಾಗ ಹೋಯಿತು. ಎರಡನ್ನೂ ಸೇರಿಸಿ ಕಥೆ ಹೇಳುವುದು ಸುಲಭ. ನಿಜವೇನಂದರೆ ಹೊಸದಾಗಿ ಬಂದ ಕೋಚ್ ಗ್ವಾರ್ಡಿಯೊಲಾಗೆ ಕಾಲಿನಿಂದ ಪಾಸ್ ಆಡುವ ಕೀಪರ್ ಬೇಕಿತ್ತು, ಅದಕ್ಕೆ ಬಾರ್ಸಿಲೋನಾದಿಂದ ಬ್ರಾವೊನನ್ನು ತಂದರು. ಬ್ರಾವೊಗೂ ಅಲ್ಲಿ ಸರಿಹೋಗಲಿಲ್ಲ, ಮುಂದಿನ ವರ್ಷ ಎಡರ್ಸನ್ ಬಂದರು. ಹಾರ್ಟ್ ಕೊನೆಗೆ ಸ್ಕಾಟ್ಲೆಂಡಿನ ಸೆಲ್ಟಿಕ್ ಸೇರಿ ಸತತ 3 ಲೀಗ್ ಗೆದ್ದು 2024ರಲ್ಲಿ ಆಟ ಬಿಟ್ಟರು.

ಹಾಗಾದರೆ ಟೀಕೆ ಮಾಡಲೇಬಾರದಾ? ಮಾಡಿ. ಕೀಪರ್‌ಗಳು ಗಾಜಿನ ಗೊಂಬೆಗಳಲ್ಲ. 'ಆ ಚೆಂಡಿಗೆ ತಡವಾಗಿ ಹೊರಟೆ' ಅನ್ನೋದು ಟೀಕೆ, ಅದರಿಂದ ಅವನು ಏನೋ ಒಂದು ಸರಿ ಮಾಡಿಕೊಳ್ಳಬಹುದು. 'ಗೇಟ್ ಓಪನ್' ಅನ್ನೋದರಿಂದ ಏನು ಸರಿ ಮಾಡಿಕೊಳ್ಳಲಿ? ನಮ್ಮಲ್ಲಿ ಮಜಾ ಏನಂದರೆ ಹಾಕಿಯಲ್ಲಿ ಹೀಗಿಲ್ಲ. 1997ರಲ್ಲಿ ಕರಡ ಊರಿನಲ್ಲಿ ಶುರುವಾದ ಕೊಡವ ಕುಟುಂಬ ಹಾಕಿಯಲ್ಲಿ ನೂರಾರು ಟೀಮ್ ಆಡುತ್ತವೆ, ಎಷ್ಟೋ ಟೀಮಿನ ಕೀಪರ್ ಯಾರದೋ ಚಿಕ್ಕಪ್ಪ, ಭಾವ. ಗೋಲು ಬಿಟ್ಟರೆ ನಗುತ್ತಾರೆ, ಸಂಜೆ ಊಟಕ್ಕೆ ಒಟ್ಟಿಗೆ ಕೂರುತ್ತಾರೆ. ಫುಟ್‌ಬಾಲಿಗೆ ಕ್ಯಾಶ್ ಪ್ರೈಜ್ ಬಂತು, ಲೈವ್ ಬಂತು, ಈಗ ರೀಲ್‌ಗಳೂ ಬಂದಿವೆ.

ಫಾರ್ಮ್ ಅಂತ ನಾವು ಕರೆಯುವುದರಲ್ಲಿ ಫಾರ್ಮೇ ಅಲ್ಲದ ಕಾರಣಗಳು ಎಷ್ಟೋ ಇರುತ್ತವೆ. ಫ್ಲಡ್‌ಲೈಟ್ ಮ್ಯಾಚಿನಲ್ಲಿ ಮಾತ್ರ ಗೋಲು ಬಿಡುತ್ತಿದ್ದ ಹುಡುಗನೊಬ್ಬ ನನ್ನ ಹತ್ತಿರ ಬಂದಿದ್ದ. ಮೂರು ವಾರ ಕಾಲು, ಕೈ ಎಲ್ಲ ತಿದ್ದಿದೆ. ಏನೂ ಆಗಲಿಲ್ಲ. ಕೊನೆಗೆ ಬಸ್ಸಿನ ಬೋರ್ಡ್ ಓದಲು ಅವನು ಕಣ್ಣು ಕಿರಿದು ಮಾಡಿದ್ದು ಕಂಡು ಕಣ್ಣಿನ ಡಾಕ್ಟರ್ ಹತ್ತಿರ ಕಳಿಸಿದೆ. ಎರಡೂ ಕಣ್ಣಿಗೆ ಪವರ್ ಇತ್ತು. ನಾಚಿಕೆಯಾಯಿತು ನನಗೆ. ನಿಮ್ಮ ಹುಡುಗನದೂ ಕಣ್ಣು ಒಮ್ಮೆ ತೋರಿಸಿ, ಖರ್ಚೇನೂ ದೊಡ್ಡದಲ್ಲ.

ನಿದ್ದೆ ಇನ್ನೊಂದು. ಹೋಮ್‌ಸ್ಟೇ ಮಾತು ನೀವು ಹಾಗೇ ಕೊನೆಗೊಂದು ಸಾಲು ಸೇರಿಸಿದಿರಿ, ನನಗೆ ಅದೇ ದೊಡ್ಡದಾಗಿ ಕಂಡಿತು. ಏಪ್ರಿಲ್, ಮೇ ಅಂದರೆ ಟೂರಿಸ್ಟ್ ಸೀಸನ್. ಶನಿವಾರ ರಾತ್ರಿ ಕ್ಯಾಂಪ್‌ಫೈರ್ ಆರಿಸಿ, ಪಾತ್ರೆ ಎತ್ತಿಟ್ಟು ಮಲಗುವಾಗ ಒಂದೋ ಎರಡೋ ಗಂಟೆ. ಬೆಳಿಗ್ಗೆ ಆರಕ್ಕೆ ಗೆಸ್ಟ್‌ಗಳಿಗೆ ಕಾಫಿ. ವಿಡಿಯೊ ತಾರೀಕು ನೋಡಿದೆ, ಐದರಲ್ಲಿ ಮೂರು ಮ್ಯಾಚ್ ಭಾನುವಾರ. ನಿದ್ದೆಗೆಟ್ಟವನಿಗೆ ಮೊದಲು ಕೈಕೊಡುವುದು ಕಾಲಿನ ಶಕ್ತಿ ಅಲ್ಲ, ಬರಲೋ ಬೇಡವೋ ಅಂತ ಕ್ಷಣದಲ್ಲಿ ನಿರ್ಧರಿಸುವ ಚುರುಕು. ಮಾಲೀಕರ ಹತ್ತಿರ ನೀವು ನಾಲ್ಕು ಜನ ಹೋಗಿ ಮಾತಾಡಿ, ಟೂರ್ನಿ ಶನಿವಾರಗಳಂದು ಅವನನ್ನು ಹತ್ತು ಗಂಟೆಗೆ ಬಿಡಲಿ. ಬದಲಿಗೆ ನಿಮ್ಮಲ್ಲೊಬ್ಬರು ಹೋಗಿ ಪಾತ್ರೆ ತೊಳೆಯಿರಿ. ತಮಾಷೆಗೆ ಹೇಳುತ್ತಿಲ್ಲ.

ತಲೆಗೆ ಬಿದ್ದ ಪೆಟ್ಟನ್ನಂತೂ ಹಗುರವಾಗಿ ತೆಗೆದುಕೊಳ್ಳಬೇಡಿ. 2018ರ ಮೇ 26ರಂದು ಕೀವ್‌ನ ಚಾಂಪಿಯನ್ಸ್ ಲೀಗ್ ಫೈನಲಿನಲ್ಲಿ ಲಿವರ್‌ಪೂಲಿನ ಕೀಪರ್ ಲೊರಿಸ್ ಕಾರಿಯುಸ್ ಎರಡು ಗೋಲು ಕೈಯಾರೆ ಕೊಟ್ಟರು. ಒಂದು ಎದುರಾಳಿ ಬೆಂಜೆಮಾ ಕಾಲಿಗೆ ಎಸೆದದ್ದು, ಇನ್ನೊಂದು ಬೇಲ್ ದೂರದಿಂದ ಹೊಡೆದದ್ದು ಕೈಯಿಂದ ಜಾರಿದ್ದು. ಲೋಕವೇ ನಕ್ಕಿತು. ಮೊದಲ ತಪ್ಪಿಗೆ ಸ್ವಲ್ಪ ಮುಂಚೆ ಎದುರಾಳಿ ರಾಮೋಸ್ ಮೊಣಕೈ ಅವರ ತಲೆಗೆ ತಾಗಿತ್ತು. ಕೆಲವು ದಿನಗಳ ಮೇಲೆ ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದ ಡಾಕ್ಟರ್‌ಗಳು ಆ ಮ್ಯಾಚಿನಲ್ಲೇ ಮಿದುಳಿಗೆ ಪೆಟ್ಟಾಗಿತ್ತು, ಕಣ್ಣಿನ ಅಂದಾಜಿಗೆ ತೊಂದರೆ ಆಗಿರಬಹುದು ಅಂದರು. ನೆಪ ಅಂತ ನಕ್ಕವರೂ ಇದ್ದಾರೆ. ನಾನು ನಗಲಾರೆ. ನಮ್ಮ ಟೂರ್ನಿಗಳಲ್ಲಿ ಕೀಪರ್ ಕಂಬಕ್ಕೆ ತಲೆ ಬಡಿದುಕೊಂಡರೆ ಮುಖಕ್ಕೆ ನೀರು ಹಾಕಿ ಎಬ್ಬಿಸಿ ನಿಲ್ಲಿಸುತ್ತೇವೆ. ತಲೆ ಸುತ್ತು, ವಾಂತಿ, ಮಂಕು, ಸ್ಕೋರ್ ನೆನಪಿಲ್ಲ, ಇದರಲ್ಲಿ ಒಂದಿದ್ದರೂ ಆವತ್ತು ಅವನನ್ನು ಮತ್ತೆ ಆಡಿಸಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಿಮ್ಮ ಹುಡುಗನಿಗೆ ಟೂರ್ನಿಯಲ್ಲಿ ಅಂಥ ಪೆಟ್ಟೇನಾದರೂ ಬಿದ್ದಿತ್ತಾ ಅಂತ ಕೇಳಿ ನೋಡಿ.

ಇನ್ನೊಂದು ಮಾತು ಮೆಲ್ಲಗೆ ಹೇಳುತ್ತೇನೆ. ಅವನು ಪ್ರಾಕ್ಟೀಸಿಗೆ ಬಾರದಿದ್ದರೆ ಅದು ಸಿಟ್ಟಿರಬಹುದು. ಆದರೆ ಊಟ ಸೇರುತ್ತಿಲ್ಲ, ಕೆಲಸಕ್ಕೂ ಹೋಗುತ್ತಿಲ್ಲ, ಯಾರ ಫೋನೂ ಎತ್ತುತ್ತಿಲ್ಲ ಅಂತ ವಾರಗಟ್ಟಲೆ ಆದರೆ ಅದು ಫುಟ್‌ಬಾಲ್ ವಿಷಯವಾಗಿ ಉಳಿದಿರುವುದಿಲ್ಲ. ಆಗ ಡಾಕ್ಟರ್ ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಈಗ ಆಡಿಸೋದಾ, ಕೂರಿಸೋದಾ.

ಹಾಗೇ ಆಡಿಸಿದರೆ ಅವನು ಗೆರೆ ಮೇಲೇ ನಿಲ್ಲುತ್ತಾನೆ. ಇನ್ನೂ ನಾಲ್ಕು ಗೋಲು ಹೀಗೇ ಹೋಗುತ್ತವೆ, ಜಗಳ ಜಾಸ್ತಿಯಾಗುತ್ತೆ. 'ನಮಗೆ ನಿನ್ನ ಮೇಲೆ ನಂಬಿಕೆ ಇದೆ' ಅಂತ ಹೇಳಿ ಬಿಟ್ಟರೆ ಸಾಲದು. ಕೂರಿಸಿದರೆ 17ರ ಹುಡುಗ ಬರುತ್ತಾನೆ. ಅವನು ಚೆನ್ನಾಗಿ ಆಡಬಹುದು. ಆಡದಿದ್ದರೆ ಅದೇ ಕಾಮೆಂಟರಿ, ಅದೇ ಪೇಜ್, ಈ ಸಲ ಇನ್ನೂ ಎಳೆಯವನ ಮೇಲೆ. ಮೇ ಮುಗಿಯುವಾಗ ನಿಮ್ಮ ಕೈಯಲ್ಲಿ ಗೆರೆ ಬಿಡದ ಇಬ್ಬರು ಕೀಪರ್‌ಗಳಿರುತ್ತಾರೆ. ಎಷ್ಟು ದಿನ ಅಂತ ಹೇಳದೆ ಕೂರಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಬೆಂಚಿನಲ್ಲಿ ಕೂತ ಕೀಪರ್ ತನ್ನ ತಪ್ಪನ್ನೇ ಮೆಲುಕು ಹಾಕುತ್ತಾನೆ. ಫಾರ್ವರ್ಡ್ ಆದರೆ ಕೊನೆ ಹತ್ತು ನಿಮಿಷಕ್ಕಾದರೂ ಇಳಿಯುತ್ತಾನೆ, ಕೀಪರ್‌ನನ್ನು ಹಾಗೆ ಇಳಿಸುವವರು ಯಾರು?

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಟೂರ್ನಿಗೆ ಮುಂಚೆ ಮೂರು ಫ್ರೆಂಡ್ಲಿ ಮ್ಯಾಚ್ ಇಟ್ಟುಕೊಳ್ಳಿ, ಲೈವ್ ಇಲ್ಲದೆ. ಮೊದಲನೆಯದನ್ನು ಚಿಕ್ಕವನು ಆಡಲಿ. ಉಳಿದೆರಡು ನಿನ್ನವು ಅಂತ ದೊಡ್ಡವನಿಗೆ ತಾರೀಕಿನ ಸಮೇತ ಮೊದಲೇ ಹೇಳಿ. ಗೋಲ್ ಲೈನಿನಿಂದ ಮೂರು ಹೆಜ್ಜೆ ಮುಂದೆ ಒಂದು ಹಳೇ ಗೋಣಿಚೀಲ ಹಾಸಿ. ಚೆಂಡು ಎದುರಾಳಿ ಅರ್ಧದಲ್ಲಿ ಇರುವಷ್ಟು ಹೊತ್ತು ಅವನ ಕಾಲು ಆ ಗೋಣಿ ಮೇಲೆ ಇರಬೇಕು, ಅಷ್ಟೇ ಸೂಚನೆ. ಪಕ್ಕದಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂರಿ. ಗೋಲು ಬರೆಯಬೇಡಿ. ಗೋಲಿನ ಮುಂದೆ ಐದಾರು ಮೀಟರಿನೊಳಗೆ ಎಷ್ಟು ಚೆಂಡು ಬಿತ್ತು, ಎಷ್ಟಕ್ಕೆ ಬಂದ, ಅದನ್ನು ಬರೆಯಿರಿ. ಬಂದು ಮಿಸ್ ಆದರೂ 'ಬಂದ' ಅಂತಲೇ ಬರೆಯಿರಿ. ಫ್ರೆಂಡ್ಲಿಗಳಲ್ಲಿ ಅವನು ಒಂದೆರಡು ಮಿಸ್ ಮಾಡೇ ಮಾಡುತ್ತಾನೆ, ಮಾಡಲಿ. ಅರ್ಧಕ್ಕಿಂತ ಜಾಸ್ತಿ ಸಲ ಬರುತ್ತಿದ್ದರೆ ಮೇ ಟೂರ್ನಿಗೆ ಅವನೇ ಕೀಪರ್. ತನ್ನ ಎರಡನೇ ಫ್ರೆಂಡ್ಲಿಯಲ್ಲೂ ಗೋಣಿ ಬಿಟ್ಟು ಹಿಂದೆ ಸರಿಯುತ್ತಿದ್ದರೆ ಈ ಟೂರ್ನಿ ಬೇಡ. ಆಗ ಕೂರಿಸಿ, ಆದರೆ ಅವನು ವಾರವಾರ ಆಡಲು ಬೇರೆ ಯಾವುದಾದರೂ ಚಿಕ್ಕ ಟೀಮಿನಲ್ಲಿ ಜಾಗ ಮಾಡಿಕೊಡಿ.

ಮ್ಯಾಚಿನಲ್ಲಿ ತಪ್ಪಾದಾಗ 'ಪರವಾಗಿಲ್ಲ, ಪರವಾಗಿಲ್ಲ' ಅಂತ ಆರೂ ಜನ ಕೂಗಬೇಡಿ. ಅದು ಕೀಪರ್ ಕಿವಿಗೆ ಬೈಗುಳದ ಹಾಗೇ ಕೇಳುತ್ತೆ. ಅದರ ಬದಲು ಮುಂದಿನ ನಿಮಿಷದಲ್ಲಿ ಒಬ್ಬ ಡಿಫೆಂಡರ್ ಅವನಿಗೆ ಸುಲಭದ ಬ್ಯಾಕ್ ಪಾಸ್ ಕೊಡಲಿ. 1992ರಿಂದ ಅದನ್ನು ಕೈಯಲ್ಲಿ ಹಿಡಿಯುವ ಹಾಗಿಲ್ಲ ಅಲ್ವಾ, ಕಾಲಿನಿಂದ ಶಾಂತವಾಗಿ ಒಂದು ಪಾಸ್ ಹೊಡೆದರೆ ಉಸಿರು ಸರಿಹೋಗುತ್ತೆ. ರೀಲ್ ಹಾಕಿದ ಪೇಜ್‌ನವರ ಜೊತೆ ಜಗಳಕ್ಕೆ ಹೋಗಬೇಡಿ, ವ್ಯೂಸ್ ಜಾಸ್ತಿಯಾಗುತ್ತೆ ಅಷ್ಟೆ. ಕಾಮೆಂಟರಿಯವರು ನಿಮ್ಮ ಪರಿಚಯದವರೇ ಇರುತ್ತಾರೆ. ಈ 11 ಗೋಲನ್ನು ಅವರ ಜೊತೆ ಕೂತು ಸೌಂಡ್ ಇಲ್ಲದೆ ಒಮ್ಮೆ ನೋಡಿ. ನನ್ನ ಅನುಭವದಲ್ಲಿ ಹತ್ತರಲ್ಲಿ ಏಳು ಜನ ಆಮೇಲೆ ಬೇರೆ ತರ ಮಾತಾಡುತ್ತಾರೆ.

ಆ ಮಳೆಯ ಗೋಲೊಂದು ಬಾಕಿ ಇದೆ. ನಾಲ್ಕನೇ ಮ್ಯಾಚಿನ ವಿಡಿಯೊದಲ್ಲಿ 31ನೇ ನಿಮಿಷಕ್ಕೆ ಕ್ಯಾಮೆರಾ ಹತ್ತಿರ ಹೋಗುತ್ತೆ, ಅಲ್ಲಿ ನಿಲ್ಲಿಸಿ ಅವನ ಗ್ಲವ್ಸ್ ನೋಡಿ. ಬಲಗೈ ಅಂಗೈಯ ರಬ್ಬರ್ ಸವೆದು ಒಳಗಿನ ಬಟ್ಟೆ ಕಾಣುತ್ತಿದೆ. ಆ ಗ್ಲವ್ಸಿನಲ್ಲಿ ಒದ್ದೆ ಚೆಂಡು ನನ್ನ ಕೈಯಲ್ಲೂ ನಿಲ್ಲುತ್ತಿರಲಿಲ್ಲ. ಗ್ರೂಪಿನವರು ದುಡ್ಡು ಹಾಕಿ ಒಂದು ಜೊತೆ ಹೊಸದು ತೆಗೆದುಕೊಡಿ. ಮೊದಲ ಸಲ ಹಾಕುವ ಮುಂಚೆ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಲಿ, ಮ್ಯಾಚಿಗೆ ಮುಂಚೆ ಅಂಗೈ ಭಾಗ ಸ್ವಲ್ಪ ಒದ್ದೆ ಮಾಡಿಕೊಳ್ಳಲಿ, ಹಿಡಿತ ಚೆನ್ನಾಗಿರುತ್ತೆ. ಒಣಗಿಸಲು ಬಿಸಿಲಿಗೆ ಹಾಕುವುದು ಬೇಡ, ಒಲೆ ಹತ್ತಿರವಂತೂ ಬೇಡವೇ ಬೇಡ. ಜೂನ್ ಮಳೆಯಲ್ಲಿ ನಮ್ಮ ಎಲ್ಲ ಹುಡುಗರೂ ಅದನ್ನೇ ಮಾಡಿ ಗ್ಲವ್ಸ್ ಹಾಳು ಮಾಡಿಕೊಳ್ಳುತ್ತಾರೆ.